ಟ್ಯೂಬಿಂಗೆನ್‌ಗೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಟ್ಯೂಬಿಂಗೆನ್ ಎಲ್ಲಿದೆ? ಬರ್ಲಿನ್, ಮ್ಯೂನಿಕ್ ಎಲ್ಲ ಬಿಟ್ಟು ಅಲ್ಲಿಗೆ ಯಾಕೆ ಹೋಗಬೇಕು?

ಜರ್ಮನಿಯ ನೈಋತ್ಯ ಭಾಗದಲ್ಲಿ, ನೆಕಾರ್ ನದಿಯ ದಡದಲ್ಲಿದೆ. ಸ್ಟುಟ್‌ಗಾರ್ಟ್‌ನಿಂದ ದಕ್ಷಿಣಕ್ಕೆ ರೈಲಿನಲ್ಲಿ ಹೆಚ್ಚುಕಮ್ಮಿ ಒಂದು ಗಂಟೆಯ ದಾರಿ. ಊರಿನ ಜನಸಂಖ್ಯೆ ಸುಮಾರು 90 ಸಾವಿರ. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೇ 25 ಸಾವಿರಕ್ಕೂ ಜಾಸ್ತಿ ಇದ್ದಾರೆ. ಹಾಗಾಗಿ ಊರು ಹಳೆಯದು, ಬೀದಿಯಲ್ಲಿ ಕಾಣುವ ಮುಖಗಳು ಎಳೆಯವು.

ಜರ್ಮನಿಗೆ ಮೊದಲ ಸಲ ಬರುತ್ತಿದ್ದು, ಕೈಯಲ್ಲಿ ನಾಲ್ಕೇ ದಿನ ಇದ್ದರೆ ಬರ್ಲಿನ್‌ಗೇ ಹೋಗಿ. ಇಲ್ಲಿ ದೊಡ್ಡ ಅರಮನೆ ಇಲ್ಲ, ಆಕಾಶ ಮುಟ್ಟುವ ಚರ್ಚ್ ಇಲ್ಲ, ಫೋಟೋ ತೆಗೆದು ಊರಿಗೆಲ್ಲ ಕಳಿಸುವಂಥ ಪ್ರಸಿದ್ಧ ಗೇಟೂ ಇಲ್ಲ. ಆದರೆ ಡಿಎನ್‌ಎ ಮೊದಲು ಸಿಕ್ಕ ಅಡುಗೆಮನೆ ಇದೆ. ಖಗೋಳ ವಿಜ್ಞಾನಿ ಕೆಪ್ಲರ್ ಓದಿದ ಹಾಸ್ಟೆಲ್ ಇದೆ. ಕಾದಂಬರಿಕಾರ ಹೆರ್ಮನ್ ಹೆಸ್ಸೆ ಕೆಲಸ ಮಾಡಿದ ಪುಸ್ತಕದಂಗಡಿ ಇದೆ. ನಮ್ಮ ಕಿಟ್ಟೆಲ್ ಕಣ್ಮುಚ್ಚಿದ ಊರೂ ಇದೇ. ಹಳೆಯ ಊರಿನ ಜಾಗಗಳೆಲ್ಲ ಒಂದರಿಂದ ಇನ್ನೊಂದಕ್ಕೆ ಹತ್ತು ಹದಿನೈದು ನಿಮಿಷದ ನಡಿಗೆ. ಎರಡನೇ ಮಹಾಯುದ್ಧದಲ್ಲಿ ಬಾಂಬ್ ಏಟು ಹೆಚ್ಚು ಬೀಳದ ಕಾರಣ ಹಳೆಯ ಮನೆಗಳು ನಿಜಕ್ಕೂ ಹಳೆಯವು. ಯುದ್ಧ ಮುಗಿದ ಮೇಲೆ ಮತ್ತೆ ಕಟ್ಟಿದ್ದಲ್ಲ.

ಎಷ್ಟು ದಿನ ಬೇಕು? ಯಾವ ವಾರ ಹೋದರೆ ಒಳ್ಳೆಯದು?

ಊರು ಮಾತ್ರ ಸಾಕು ಅಂದರೆ ಒಂದು ಪೂರ್ತಿ ದಿನ. ಸುತ್ತಮುತ್ತಲೂ ನೋಡುವುದಾದರೆ ಎರಡು ರಾತ್ರಿ ಉಳಿಯಿರಿ.

ವಾರದ ಲೆಕ್ಕ ಮಾತ್ರ ಗಮನಿಸಿ. ಕೋಟೆಯ ಮ್ಯೂಸಿಯಂ ಬುಧವಾರದಿಂದ ಭಾನುವಾರದವರೆಗೆ ತೆರೆದಿರುತ್ತದೆ. ಕವಿ ಹ್ಯೋಲ್ಡರ್ಲಿನ್ ಇದ್ದ ಗೋಪುರ ಗುರುವಾರದಿಂದ ಸೋಮವಾರದವರೆಗೆ. ಪುರಸಭೆ ಎದುರಿನ ಚೌಕದಲ್ಲಿ ತರಕಾರಿ ಸಂತೆ ಕೂಡುವುದು ಸೋಮವಾರ, ಬುಧವಾರ, ಶುಕ್ರವಾರ. ಮೂರೂ ಒಟ್ಟಿಗೆ ಸಿಗುವುದು ಶುಕ್ರವಾರ ಒಂದೇ. ಮಂಗಳವಾರ ಹೋದರೆ ಮೂರೂ ಇಲ್ಲ. ರಜೆ ದಿನಗಳಲ್ಲಿ ಈ ವೇಳಾಪಟ್ಟಿ ಬದಲಾಗುತ್ತದೆ, ಹೊರಡುವ ಮುಂಚೆ ಒಮ್ಮೆ ನೋಡಿಕೊಳ್ಳಿ.

ಬೆಂಗಳೂರಿನಿಂದ ಹೋಗುವುದು ಹೇಗೆ?

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೂ ಮ್ಯೂನಿಕ್‌ಗೂ ನೇರ ವಿಮಾನ ಇದೆ. ಎರಡೂ ಕಡೆಯಿಂದ ಸ್ಟುಟ್‌ಗಾರ್ಟ್‌ಗೆ ವೇಗದ ರೈಲು, ಅಲ್ಲಿಂದ ಟ್ಯೂಬಿಂಗೆನ್‌ಗೆ ಪ್ರಾದೇಶಿಕ ರೈಲು. ಸ್ಟುಟ್‌ಗಾರ್ಟ್ ವಿಮಾನ ನಿಲ್ದಾಣದಲ್ಲೇ ಇಳಿದರೆ ಟ್ಯೂಬಿಂಗೆನ್‌ಗೆ ನೇರ ಬಸ್ ಇದೆ, ಲಗೇಜ್ ಇದ್ದವರಿಗೆ ಅದೇ ಸುಖ. ಜರ್ಮನ್ ರೈಲು ಗಡಿಯಾರದಂತೆ ಓಡುತ್ತದೆ ಅನ್ನುವುದು ಹಳೇ ಕಥೆ. ರೈಲು ಬದಲಿಸುವ ಕಡೆ ಕನಿಷ್ಠ ಅರ್ಧ ಗಂಟೆ ಬಿಡುವು ಇಟ್ಟುಕೊಳ್ಳಿ.

ಯಾವ ಟಿಕೆಟ್ ಅಗ್ಗ?

ನಾಲ್ಕೈದು ಜನ ಒಟ್ಟಿಗೆ ಇದ್ದರೆ, ಈ ಊರಿರುವ ರಾಜ್ಯದ ಹೆಸರಿನ ಬಾಡೆನ್-ವ್ಯುರ್ಟೆಂಬರ್ಗ್ ಟಿಕೆಟ್ ತೆಗೆದುಕೊಳ್ಳಿ. ಐದು ಜನರವರೆಗೆ ಒಂದೇ ಟಿಕೆಟ್‌ನಲ್ಲಿ ಇಡೀ ದಿನ ರಾಜ್ಯದೊಳಗೆ ಓಡಾಡಬಹುದು. ವಾರದ ದಿನಗಳಲ್ಲಿ ಬೆಳಗ್ಗೆ 9ರ ಮೇಲೆ ಮಾತ್ರ ನಡೆಯುತ್ತದೆ. ವೇಗದ ರೈಲುಗಳಲ್ಲಿ ನಡೆಯುವುದಿಲ್ಲ.

ತಿಂಗಳ ಪೂರ್ತಿ ಇರುವವರಿಗೆ ಡಾಯ್ಚ್‌ಲ್ಯಾಂಡ್ ಟಿಕೆಟ್ ಲಾಭ. ದೇಶದ ಎಲ್ಲ ಪ್ರಾದೇಶಿಕ ರೈಲು, ನಗರ ಬಸ್, ಮೆಟ್ರೋಗೆ ಅದೊಂದೇ ಸಾಕು. 2023ರ ಮೇನಲ್ಲಿ ಶುರುವಾದಾಗ ತಿಂಗಳಿಗೆ 49 ಯೂರೋ ಇತ್ತು, 2025ಕ್ಕೆ 58 ಆಯಿತು, ಆಮೇಲೆ ಇನ್ನೂ ಏರಿದೆ. ಇದು ಚಂದಾ ಲೆಕ್ಕ. ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳೂ ದುಡ್ಡು ಕಡಿತವಾಗುತ್ತದೆ. ಇಲ್ಲಿಗೆ ಬಂದ ನೆಂಟರು ಊರಿಗೆ ಮರಳಿದ ಮೇಲೆ ಬ್ಯಾಂಕ್ ಮೆಸೇಜ್ ನೋಡಿ ಫೋನ್ ಮಾಡುವುದು ಇದೇ ವಿಷಯಕ್ಕೆ.

ಒಂದೇ ಒಂದು ಜಾಗ ನೋಡಲು ಸಮಯ ಇದೆ. ಯಾವುದು?

ಹೋಹೆನ್‌ಟ್ಯೂಬಿಂಗೆನ್ ಕೋಟೆ. ಎರಡನೇ ಮಾತೇ ಇಲ್ಲ.

ಊರಿನ ಮೇಲ್ಗಡೆ ಗುಡ್ಡದ ಮೇಲಿದೆ. ಹೊರಗಿನಿಂದ ಸಾಧಾರಣ ಕೋಟೆ. ಒಳಗೆ ವಿಶ್ವವಿದ್ಯಾಲಯದ ಮ್ಯೂಸಿಯಂ ಇದೆ. ಅಲ್ಲೊಂದು ಪುಟ್ಟ ಕುದುರೆ ಇದೆ. ಉದ್ದ 4.8 ಸೆಂಟಿಮೀಟರ್, ನಿಮ್ಮ ಹೆಬ್ಬೆರಳಿಗಿಂತ ಸಣ್ಣದು. ಮ್ಯಾಮತ್ ಅನ್ನುವ, ಈಗ ಅಳಿದುಹೋದ ಆನೆ ಜಾತಿಯ ಪ್ರಾಣಿಯ ದಂತದಲ್ಲಿ ಕೆತ್ತಿದ್ದು. ವಯಸ್ಸು 35 ಸಾವಿರದಿಂದ 40 ಸಾವಿರ ವರ್ಷ. ಮನುಷ್ಯ ಕೈಯಾರೆ ಮಾಡಿದ ಆಕೃತಿಗಳಲ್ಲಿ ಇವತ್ತಿಗೆ ಉಳಿದಿರುವ ಅತಿ ಹಳೆಯವುಗಳಲ್ಲಿ ಇದೂ ಒಂದು. 1931ರಲ್ಲಿ ಇಲ್ಲಿನ ಪುರಾತತ್ವಜ್ಞ ಗುಸ್ತಾವ್ ರೀಕ್ ಅವರಿಗೆ ಉಲ್ಮ್ ಕಡೆಯ ಫೋಗೆಲ್‌ಹೆರ್ಡ್ ಗುಹೆಯಲ್ಲಿ ಸಿಕ್ಕಿತು. ಅದೇ ಗುಹೆಯ ಮಣ್ಣನ್ನು ಮತ್ತೆ ಜರಡಿ ಹಿಡಿದಾಗ 2006ರಲ್ಲಿ ಇಡಿಯಾದ ಒಂದು ಮ್ಯಾಮತ್ ಗೊಂಬೆಯೂ ಸಿಕ್ಕಿತು. ಅದು ಕುದುರೆಗಿಂತಲೂ ಚಿಕ್ಕದು. ಆ ಸೀಮೆಯ ಗುಹೆಗಳು 2017ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿವೆ.

ಕುದುರೆಯ ಕಾಲುಗಳು ಮುರಿದು ಹೋಗಿವೆ. ಆದರೆ ಕತ್ತು ಬಾಗಿರುವ ರೀತಿ ನೋಡಿ. ಕುದುರೆಯನ್ನು ದಿನವೂ ಕಣ್ಣಿಟ್ಟು ನೋಡಿದವರಿಗೆ ಮಾತ್ರ ಆ ಬಾಗು ಬರಲು ಸಾಧ್ಯ. ಗಾಜಿನ ಎದುರು ಅರ್ಧ ನಿಮಿಷ ನಿಂತು ಫೋಟೋ ತೆಗೆದು ಮುಂದೆ ಹೋಗುವವರೇ ಜಾಸ್ತಿ. ನೀವು ಹಾಗೆ ಮಾಡಬೇಡಿ, ಸುತ್ತ ಒಂದು ಸುತ್ತು ಬನ್ನಿ.

ಅದೇ ಕೋಟೆಯ ಹಳೆಯ ಅಡುಗೆಮನೆಯಲ್ಲಿ 19ನೇ ಶತಮಾನದಲ್ಲಿ ರಸಾಯನಶಾಸ್ತ್ರದ ಪ್ರಯೋಗಾಲಯ ಇತ್ತು. ಫೆಲಿಕ್ಸ್ ಹೋಪೆ-ಝೈಲರ್ ಅಲ್ಲಿನ ಮುಖ್ಯಸ್ಥರು. ಹಿಮೋಗ್ಲೋಬಿನ್ ಅನ್ನುವ ಹೆಸರು ಕೊಟ್ಟವರು ಅವರೇ. ಅವರ ಬಳಿ ಕೆಲಸಕ್ಕೆ ಬಂದ ಸ್ವಿಟ್ಜರ್ಲೆಂಡಿನ ಯುವಕ ಫ್ರೀಡ್ರಿಶ್ ಮೀಷರ್, ಆಸ್ಪತ್ರೆಯಿಂದ ಕೀವು ಹತ್ತಿದ ಬ್ಯಾಂಡೇಜ್ ಬಟ್ಟೆಗಳನ್ನು ತರಿಸಿಕೊಂಡು, ತೊಳೆದು, ಅದರ ಜೀವಕೋಶಗಳನ್ನು ಬೇರ್ಪಡಿಸುತ್ತಿದ್ದರು. 1869ರಲ್ಲಿ ಆ ಕೋಶಗಳೊಳಗಿನ ಬೀಜದಿಂದ (ನ್ಯೂಕ್ಲಿಯಸ್) ಅದುವರೆಗೆ ಯಾರೂ ಕಾಣದ ಒಂದು ವಸ್ತು ಸಿಕ್ಕಿತು. ಅದಕ್ಕೆ ಅವರು ನ್ಯೂಕ್ಲೀನ್ ಅಂದರು. ಇವತ್ತು ನಾವು ಡಿಎನ್‌ಎ ಅನ್ನುವುದು ಅದನ್ನೇ. ದಪ್ಪ ಗೋಡೆಯ ಆ ಕೋಣೆ ತಂಪಾಗಿರುತ್ತಿತ್ತು, ಇಂಥ ಕೆಲಸಕ್ಕೆ ತಂಪೇ ಬೇಕಿತ್ತು. ಕೋಣೆ ಈಗ ಸಣ್ಣ ಪ್ರದರ್ಶನವಾಗಿದೆ. ಕಾಲೇಜು ಮಕ್ಕಳು ಜೊತೆಗಿದ್ದರೆ ತಪ್ಪದೆ ತೋರಿಸಿ.

ನದಿ ದಡದ ಹಳದಿ ಗೋಪುರ ಏನು? ಎಲ್ಲ ಫೋಟೋದಲ್ಲೂ ಅದೇ ಕಾಣುತ್ತದೆ.

ಕವಿ ಹ್ಯೋಲ್ಡರ್ಲಿನ್ ಇದ್ದ ಮನೆ. 1806ರಲ್ಲಿ ಮನಸ್ಸಿನ ಕಾಯಿಲೆ ಅಂತ ಅವರನ್ನು ಇಲ್ಲಿನ ಆಸ್ಪತ್ರೆಗೆ ತಂದರು. ಮರುವರ್ಷ ವೈದ್ಯರು ಹೆಚ್ಚೆಂದರೆ ಮೂರು ವರ್ಷ ಬದುಕಬಹುದು ಅಂತ ಹೇಳಿ ಕಳಿಸಿಬಿಟ್ಟರು. ಎರ್ನ್ಸ್ಟ್ ಝಿಮ್ಮರ್ ಅನ್ನುವ ಬಡಗಿ ಅವರನ್ನು ತನ್ನ ಮನೆಗೆ ಕರೆದುಕೊಂಡು ಬಂದ. ಕಾರಣ ಏನು ಗೊತ್ತಾ? ಆತ ಕವಿಯ ಕಾದಂಬರಿ ಓದಿ ಮೆಚ್ಚಿದ್ದ. ಹ್ಯೋಲ್ಡರ್ಲಿನ್ ಆ ಮನೆಯಲ್ಲಿ ಬದುಕಿದ್ದು ಮೂರು ವರ್ಷ ಅಲ್ಲ, 36 ವರ್ಷ. ಝಿಮ್ಮರ್ ತೀರಿಕೊಂಡ ಮೇಲೆ ಅವನ ಮನೆಯವರೇ ನೋಡಿಕೊಂಡರು. 1843ರಲ್ಲಿ ಕವಿ ಅಲ್ಲೇ ತೀರಿಕೊಂಡರು.

ಆ ಕಾಲದಲ್ಲಿ ನೋಡಲು ಬಂದವರಿಗೆಲ್ಲ ಸಣ್ಣ ಪದ್ಯ ಬರೆದುಕೊಡುತ್ತಿದ್ದರು. ಕೆಳಗೆ ಸ್ಕಾರ್ಡನೆಲ್ಲಿ ಅನ್ನುವ ಬೇರೆ ಹೆಸರು, ಮನಸ್ಸಿಗೆ ಬಂದ ಯಾವುದೋ ತಾರೀಖು. ಹಳೆಯ ಗೋಪುರ 1875ರಲ್ಲಿ ಸುಟ್ಟುಹೋಯಿತು, ಈಗಿರುವುದು ಆಮೇಲೆ ಕಟ್ಟಿದ್ದು. ಒಳಗಿನ ಮ್ಯೂಸಿಯಂ ಉಚಿತ. ಜರ್ಮನ್ ಬಾರದಿದ್ದರೂ ಕಿಟಕಿಯ ಬಳಿ ನಿಂತು ನದಿ ನೋಡಲು ಒಮ್ಮೆ ಒಳಗೆ ಹೋಗಿ ಬನ್ನಿ.

ಫೋಟೋಗೆ ಸರಿಯಾದ ಜಾಗ ಎಬರ್‌ಹಾರ್ಡ್ ಸೇತುವೆ. ನದಿಯ ನಡುವಿನ ದ್ವೀಪದಲ್ಲಿ ಎರಡು ಸಾಲು ದೊಡ್ಡ ಮರಗಳ ನಡುವೆ ಒಂದು ಕಾಲುದಾರಿಯೂ ಇದೆ.

ದೋಣಿ ಸವಾರಿ ಮಾಡಲೇಬೇಕಾ?

ಬೇಸಿಗೆಯಲ್ಲಿ ಬಂದಿದ್ದರೆ ಮಾಡಿ. ಸ್ಟೋಖರ್‌ಕಾನ್ ಅನ್ನುವ ಉದ್ದನೆಯ, ತಳ ಚಪ್ಪಟೆ ಇರುವ ಮರದ ದೋಣಿ. ಹಿಂದೆ ಒಬ್ಬ ನಿಂತು ಉದ್ದ ಕೋಲಿನಿಂದ ನದಿಯ ತಳ ಒತ್ತುತ್ತಾ ಮುಂದೆ ತಳ್ಳುತ್ತಾನೆ. ಎಷ್ಟೋ ಸಲ ಆತ ಇಲ್ಲಿನ ವಿದ್ಯಾರ್ಥಿ. ನೀವು ಸುಮ್ನೆ ಹಲಗೆಗೆ ಒರಗಿ ಕೂತಿರಬಹುದು. ಸುಮಾರು ಒಂದು ಗಂಟೆ ಸುತ್ತಿಸುತ್ತಾರೆ. ಮೋಟರ್ ಸದ್ದಿಲ್ಲ. ವಿವರಣೆ ಹೆಚ್ಚಾಗಿ ಜರ್ಮನ್‌ನಲ್ಲಿರುತ್ತದೆ, ಇಂಗ್ಲಿಷ್ ಬೇಕಾದರೆ ಮೊದಲೇ ಕೇಳಿ. ಚಳಿಗಾಲದಲ್ಲಿ ಮಾಮೂಲಿ ಸವಾರಿ ಇರುವುದಿಲ್ಲ.

ಜೂನ್ ತಿಂಗಳ ಆಸುಪಾಸು ವಿದ್ಯಾರ್ಥಿ ಸಂಘಗಳ ದೋಣಿ ಸ್ಪರ್ಧೆ ನಡೆಯುತ್ತದೆ. ಸೇತುವೆ ಕಂಬದ ಬಳಿ ಎಲ್ಲ ದೋಣಿಗಳೂ ಒಟ್ಟಿಗೆ ನುಗ್ಗಿ ಗಲಾಟೆ ಆಗುವುದನ್ನು ನೋಡಲೆಂದೇ ಸಾವಿರಾರು ಜನ ಸೇರುತ್ತಾರೆ. ಸೋತ ತಂಡಕ್ಕೆ ಶಿಕ್ಷೆ ಇದೆ. ಪ್ರತಿಯೊಬ್ಬರೂ ಎಲ್ಲರೆದುರು ಅರ್ಧ ಲೀಟರ್ ಮೀನೆಣ್ಣೆ ಕುಡಿಯಬೇಕು. ಅದನ್ನು ಹತ್ತಿರದಿಂದ ನೋಡುವ ಆಸೆ ಬೇಡ.

ಕಿಟ್ಟೆಲ್ ಇಲ್ಲೇ ಇದ್ದರಂತೆ. ಏನಾದರೂ ನೋಡಲು ಇದೆಯಾ?

ಕನ್ನಡದವರು ಕೇಳುವ ಪ್ರಶ್ನೆ ಇದು. ಫರ್ಡಿನಾಂಡ್ ಕಿಟ್ಟೆಲ್ ಈ ಊರಿನವರಲ್ಲ. ಹುಟ್ಟಿದ್ದು 1832ರಲ್ಲಿ, ಜರ್ಮನಿಯ ಉತ್ತರ ತುದಿಯ ಓಸ್ಟ್‌ಫ್ರೀಸ್‌ಲ್ಯಾಂಡ್‌ನಲ್ಲಿ. ಬಾಸೆಲ್ ಮಿಷನ್ ಸೇರಿ 1853ರಲ್ಲಿ ನಮ್ಮ ಕಡೆ ಬಂದರು. ಧಾರವಾಡ, ಮಂಗಳೂರು, ಮಡಿಕೇರಿಯಲ್ಲಿ ಕೆಲಸ ಮಾಡಿದರು. ಸುಮಾರು 70 ಸಾವಿರ ಪದಗಳ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದಕ್ಕಾಗಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. ಕೊನೆಯ ವರ್ಷಗಳನ್ನು ಅವರು ಇಲ್ಲೇ ಕಳೆದರು. 1903ರಲ್ಲಿ ಅವರ ಕನ್ನಡ ವ್ಯಾಕರಣ ಹೊರಬಂತು. ಅದೇ ವರ್ಷ ಡಿಸೆಂಬರ್‌ನಲ್ಲಿ ಇಲ್ಲೇ ತೀರಿಕೊಂಡರು.

ಬೆಂಗಳೂರಿನಲ್ಲಿ ಅವರ ಪ್ರತಿಮೆ ಇದೆ, ಧಾರವಾಡದಲ್ಲಿ ಅವರ ಹೆಸರಿನ ಕಾಲೇಜು ಇದೆ. ಅಂಥದ್ದನ್ನು ಟ್ಯೂಬಿಂಗೆನ್‌ನಲ್ಲಿ ನಿರೀಕ್ಷಿಸಿ ಬರಬೇಡಿ. ಇಲ್ಲಿನ ದಾರಿಹೋಕರಿಗೆ ಕಿಟ್ಟೆಲ್ ಅಂದರೆ ಯಾರು ಅಂತ ಗೊತ್ತಿರುವುದಿಲ್ಲ. ಕಾಫಿಗೆ ಕೂತಾಗ ಪಕ್ಕದವರಿಗೆ ನೀವೇ ಹೇಳಬಹುದು, ಕೇಳಿಸಿಕೊಳ್ಳುತ್ತಾರೆ.

ನಂಟು ಕಿಟ್ಟೆಲ್ ಒಬ್ಬರದ್ದೇ ಅಲ್ಲ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಶುರು ಮಾಡಿದ ಹೆರ್ಮನ್ ಮೋಗ್ಲಿಂಗ್ ದೇವತಾಶಾಸ್ತ್ರ ಓದಿದ್ದು ಟ್ಯೂಬಿಂಗೆನ್‌ನಲ್ಲಿ. ಮಲಯಾಳಂ ನಿಘಂಟು ಮಾಡಿದ ಹೆರ್ಮನ್ ಗುಂಡರ್ಟ್ ಕೂಡ ಇಲ್ಲಿ ಓದಿದವರು. ಗುಂಡರ್ಟ್ ಬಿಟ್ಟುಹೋದ ಕಾಗದಪತ್ರಗಳು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ, ಈಗ ಅಂತರ್ಜಾಲದಲ್ಲೂ ನೋಡಬಹುದು. ಮಲಯಾಳಿಗಳು ಗುಂಡರ್ಟ್ ಹೆಸರಿನಲ್ಲಿ ಇಲ್ಲಿ ಮಲಯಾಳಂ ಪೀಠವನ್ನೇ ತಂದುಕೊಂಡಿದ್ದಾರೆ. ನಮಗೆ ಸ್ವಲ್ಪ ಹೊಟ್ಟೆಕಿಚ್ಚು ಆದರೆ ತಪ್ಪೇನಿಲ್ಲ.

ನೋಡಲೇಬೇಕು ಅಂದರೆ ಸ್ಟಿಫ್ಟ್ ಕಡೆ ಹೋಗಿ. ದೇವತಾಶಾಸ್ತ್ರದ ವಿದ್ಯಾರ್ಥಿಗಳಿಗೆ ಊಟ, ವಸತಿ ಕೊಟ್ಟು ಓದಿಸಲು 1536ರಲ್ಲಿ ಶುರುವಾದ ಹಾಸ್ಟೆಲ್ ಅದು. ಗುಂಡರ್ಟ್ ಇದ್ದದ್ದು ಅಲ್ಲಿ. ಅವರಿಗಿಂತ ಎಷ್ಟೋ ಮುಂಚೆ ಕೆಪ್ಲರ್ ಇದ್ದದ್ದೂ ಅಲ್ಲೇ. ತತ್ವಜ್ಞಾನಿಗಳಾದ ಹೆಗೆಲ್, ಶೆಲಿಂಗ್ ಮತ್ತು ಕವಿ ಹ್ಯೋಲ್ಡರ್ಲಿನ್ ಮೂವರೂ ಅಲ್ಲಿ ಸಹಪಾಠಿಗಳು. ಈಗಲೂ ಹಾಸ್ಟೆಲ್ ಆಗಿಯೇ ನಡೆಯುತ್ತಿದೆ. ಹುಡುಗರು ಓದಿಕೊಂಡಿರುತ್ತಾರೆ, ಅಂಗಳದಿಂದ ನೋಡಿ ಬನ್ನಿ.

ಹೆಸ್ಸೆ ಇದ್ದ ಪುಸ್ತಕದಂಗಡಿ ಈಗಲೂ ಇದೆಯಾ?

ಇದೆ, ದೊಡ್ಡ ಚರ್ಚ್ ಎದುರಿನ ಹೋಲ್ಟ್ಸ್‌ಮಾರ್ಕ್ಟ್‌ನಲ್ಲಿ. ಹೆಕನ್‌ಹೌವರ್ ಅಂತ ಹೆಸರು. 1895ರಿಂದ 1899ರವರೆಗೆ ಹೆರ್ಮನ್ ಹೆಸ್ಸೆ ಇಲ್ಲಿದ್ದರು, ಮೊದಲು ಕೆಲಸ ಕಲಿಯುವ ಹುಡುಗ, ಕೊನೆಗೆ ಸಹಾಯಕ. ಪುಸ್ತಕ ಕಟ್ಟುವುದು, ಬಿಲ್ ಬರೆಯುವುದು, ಧೂಳು ಹೊಡೆಯುವುದು. ಹೆಸ್ಸೆ ಗುಂಡರ್ಟ್ ಅವರ ಮೊಮ್ಮಗ. ತಾಯಿ ಹುಟ್ಟಿದ್ದು ಕೇರಳದಲ್ಲಿ. ಭಾರತದ ಮೇಲಿನ ಹುಚ್ಚು ಅವರಿಗೆ ಬಂದದ್ದು ಮನೆಯಿಂದಲೇ ಅಂತಾಯಿತು. ಹೆಸ್ಸೆ ನೆನಪಿಗೆ ಅಲ್ಲೊಂದು ಪುಟ್ಟ ಪ್ರದರ್ಶನ ಇದೆ.

ಚೌಕದಲ್ಲಿ ಏನು ನೋಡಬೇಕು?

ಪುರಸಭೆ ಕಟ್ಟಡ 1435ರದ್ದು. ಗೋಡೆ ತುಂಬ ಚಿತ್ರಗಳಿವೆ, ಅವು ವಿಶ್ವವಿದ್ಯಾಲಯಕ್ಕೆ 400 ವರ್ಷ ತುಂಬಿದಾಗ ಬರೆಸಿದ್ದು. ಮೇಲಿನ ಖಗೋಳ ಗಡಿಯಾರ 1511ರದ್ದು, ಮಾಡಿದವರು ಇಲ್ಲಿನ ಪ್ರೊಫೆಸರ್ ಯೋಹಾನೆಸ್ ಶ್ಟೋಫ್ಲರ್. ಚಂದ್ರನ ಕಲೆಗಳನ್ನೂ ತೋರಿಸುತ್ತದೆ. ವಿಶ್ವವಿದ್ಯಾಲಯ 1477ರಲ್ಲಿ ಶುರುವಾದದ್ದು, ಶುರು ಮಾಡಿದವನು ಗಡ್ಡದ ಎಬರ್‌ಹಾರ್ಡ್ ಅನ್ನುವ ದೊರೆ. ಅವನ ಸಮಾಧಿ ಪಕ್ಕದ ಸ್ಟಿಫ್ಟ್ಸ್‌ಕಿರ್ಷೆ ಚರ್ಚ್‌ನಲ್ಲಿದೆ. ಚರ್ಚ್ ಗೋಪುರ ಹತ್ತುವ ಅವಕಾಶ ಸಿಕ್ಕರೆ ಬಿಡಬೇಡಿ, ಕೆಂಪು ಹೆಂಚಿನ ಇಡೀ ಊರು ಕಾಣುತ್ತದೆ.

ಗಯಟೆ ವಾಂತಿ ಮಾಡಿದ ಮನೆ ಅಂತ ಬೋರ್ಡ್ ಇದೆಯಂತೆ, ನಿಜವಾ?

ಬೋರ್ಡ್ ನಿಜ. ಜರ್ಮನ್ ಮಹಾಕವಿ ಗಯಟೆ 1797ರಲ್ಲಿ ಪ್ರಕಾಶಕ ಕೊಟ್ಟಾ ಮನೆಯಲ್ಲಿ ಉಳಿದದ್ದೂ ನಿಜ, ಅದಕ್ಕೆ ಗಂಭೀರವಾದ ಫಲಕ ಇದೆ. ಪಕ್ಕದ ಕಟ್ಟಡದ ವಾಂತಿ ಫಲಕ ವಿದ್ಯಾರ್ಥಿಗಳ ಕುಚೋದ್ಯ.

ಸಸ್ಯಾಹಾರಿಗಳಿಗೆ ಊಟ ಸಿಗುತ್ತದಾ?

ಸಿಗುತ್ತದೆ. ವಿದ್ಯಾರ್ಥಿಗಳ ಊರಾದ್ದರಿಂದ ಸಸ್ಯಾಹಾರ, ವೇಗನ್ ಎರಡೂ ಸುಲಭ. ಆದರೆ ಸ್ಥಳೀಯ ಅಡುಗೆಯಲ್ಲಿ ಕಣ್ಣಿಗೆ ಕಾಣದ ಮಾಂಸ ಇರುತ್ತದೆ.

ಕೇಸೆ ಶ್ಪೆಟ್ಸ್ಲೆ ಧೈರ್ಯವಾಗಿ ಕೇಳಬಹುದಾದ ತಿಂಡಿ. ಮೊಟ್ಟೆ ಹಾಕಿ ಮಾಡಿದ ಮೆದು ಶಾವಿಗೆ, ಮೇಲೆ ಚೀಸ್, ಹುರಿದ ಈರುಳ್ಳಿ. ಮೊಟ್ಟೆ ತಿನ್ನದವರಿಗೆ ಆಗದು. ಮೌಲ್‌ಟಾಶೆನ್ ಹೂರಣ ತುಂಬಿದ ಹಿಟ್ಟಿನ ಕಡುಬು. ಮಾಮೂಲಾಗಿ ಒಳಗೆ ಮಾಂಸ ಇರುತ್ತದೆ, ಸೊಪ್ಪು ತರಕಾರಿಯದ್ದೂ ಹಲವು ಕಡೆ ಸಿಗುತ್ತದೆ. ಬೇಳೆ ಅಂತ ಖುಷಿಪಟ್ಟು ಲಿನ್ಸೆನ್ ತರಿಸಿದರೆ ಮೇಲೆ ಸಾಸೇಜ್ ಬರುತ್ತದೆ, ಬೇಳೆಯಲ್ಲೂ ಹಂದಿ ಮಾಂಸದ ತುಣುಕು ಇರಬಹುದು. ಎಲ್ಲಕ್ಕಿಂತ ಮೋಸದ್ದು ಆಲೂಗಡ್ಡೆ ಸಲಾಡ್. ನೋಡಲು ಬರೀ ಆಲೂಗಡ್ಡೆ. ಈ ಸೀಮೆಯಲ್ಲಿ ಅದನ್ನು ಕಲಸುವುದು ಮಾಂಸದ ಸಾರಿನಲ್ಲಿ. ಬ್ರೆಟ್ಸೆಲ್ ಅನ್ನುವ ಗಂಟು ಆಕಾರದ ಬ್ರೆಡ್ಡಿನ ಹಿಟ್ಟಿಗೂ ಕೆಲವು ಬೇಕರಿಗಳಲ್ಲಿ ಹಂದಿ ಕೊಬ್ಬು ಹಾಕುತ್ತಾರೆ. ‘ಓನೆ ಫ್ಲೈಶ್’ ಅಂದರೆ ಮಾಂಸ ಬೇಡ ಅಂತ ಮಾತ್ರ ತಿಳಿಯುತ್ತದೆ. ಸಾರು, ಕೊಬ್ಬು ಎರಡನ್ನೂ ಬಿಡಿಸಿ ಕೇಳಿ.

ಕುಡಿಯುವ ನೀರಿಗೆ ದುಡ್ಡು ಹಾಕಬೇಡಿ. ನಲ್ಲಿ ನೀರು ಚೆನ್ನಾಗಿದೆ. ಬಾಟಲಿ ಕೊಂಡರೆ 25 ಸೆಂಟ್ ಠೇವಣಿ ಇರುತ್ತದೆ, ಅಂಗಡಿಯ ಯಂತ್ರಕ್ಕೆ ಹಾಕಿ ವಾಪಸ್ ಪಡೆಯಿರಿ.

ಪಾರ್ಸೆಲ್ ಕಾಫಿಗೆ ಜಾಸ್ತಿ ದುಡ್ಡು ಯಾಕೆ ತೆಗೆದುಕೊಂಡರು?

ಕಪ್‌ಗೆ ತೆರಿಗೆ ಇದೆ. ಒಮ್ಮೆ ಬಳಸಿ ಬಿಸಾಡುವ ಕಪ್ಪು, ಡಬ್ಬಿಗೆ 50 ಸೆಂಟ್, ಚಮಚಕ್ಕೆ 20 ಸೆಂಟ್. 2022ರ ಜನವರಿಯಿಂದ ಈ ಊರು ಹಾಕಿದ ನಿಯಮ. ಒಂದು ಬರ್ಗರ್ ಅಂಗಡಿ ಇದರ ವಿರುದ್ಧ ಕೋರ್ಟಿಗೆ ಹೋಯಿತು. ಕೊನೆಗೆ ಜರ್ಮನಿಯ ಸಂವಿಧಾನ ನ್ಯಾಯಾಲಯ ಊರಿನ ಪರವಾಗಿಯೇ ತೀರ್ಪು ಕೊಟ್ಟಿತು, ಅದು ಹೊರಬಂದದ್ದು 2025ರ ಜನವರಿಯಲ್ಲಿ. ಬ್ಯಾಗಿನಲ್ಲಿ ಒಂದು ಸ್ಟೀಲ್ ಲೋಟ ಇಟ್ಟುಕೊಳ್ಳಿ, ಅದಕ್ಕೇ ಹಾಕಿ ಕೊಡುತ್ತಾರೆ.

ವಯಸ್ಸಾದ ಅಪ್ಪ ಅಮ್ಮನ್ನ ಕರೆದುಕೊಂಡು ಹೋಗಬಹುದಾ?

ಸ್ಟುಟ್‌ಗಾರ್ಟ್ ಸುತ್ತ ಕೆಲಸ ಮಾಡುವ ಮಕ್ಕಳ ಮನೆಗೆ ಬಂದ ಹಿರಿಯರು ಎಷ್ಟೋ ಜನ ಇಲ್ಲಿಗೆ ಬರುತ್ತಾರೆ. ಸ್ಟೇಷನ್‌ನಿಂದ ಸೇತುವೆವರೆಗೆ ಮಟ್ಟಸ. ಅಲ್ಲಿಂದ ಮುಂದೆ ಕಲ್ಲು ಹಾಸಿದ ಏರುಬೀದಿ, ಮಳೆ ಬಂದರೆ ಜಾರುತ್ತದೆ. ಕೋಟೆಯ ಏರು ಮಂಡಿ ನೋವಿನವರಿಗೆ ಕಷ್ಟ. ಅಮ್ಮನಿಗೆ ಸೀರೆ ಜೊತೆಗೆ ಹಿಡಿತ ಇರುವ ಶೂ ಹಾಕಿಸಿ, ಚಪ್ಪಲಿ ಬೇಡ. ದೋಣಿ, ದ್ವೀಪದ ಕಾಲುದಾರಿ, ಚೌಕ ಇಷ್ಟಾದರೆ ಅವರಿಗೆ ಸಾಕು.

ಚಿಕ್ಕ ಮಕ್ಕಳಿಗೆ?

ನಗರ ಮ್ಯೂಸಿಯಂಗೆ ಹೋಗಿ. ಲೊಟೆ ರೈನಿಗರ್ ಅನ್ನುವ ಕಲಾವಿದೆ ಕಪ್ಪು ಕಾಗದ ಕತ್ತರಿಸಿ ಮಾಡಿದ ನೆರಳು ಸಿನಿಮಾಗಳ ಪ್ರದರ್ಶನ ಅಲ್ಲಿದೆ. ನಮ್ಮ ತೊಗಲುಗೊಂಬೆ ಆಟ ನೋಡಿದ ಮಕ್ಕಳಿಗೆ ಬೇಗ ಹಿಡಿಸುತ್ತದೆ. 1623ರಲ್ಲಿ ಈ ಊರಿನ ಪ್ರೊಫೆಸರ್ ವಿಲ್ಹೆಲ್ಮ್ ಶಿಕಾರ್ಡ್ ಮಾಡಿದ ಲೆಕ್ಕದ ಯಂತ್ರದ ಪ್ರತಿಕೃತಿಯೂ ಈ ಊರಿನ ಮ್ಯೂಸಿಯಂಗಳಲ್ಲಿದೆ. ಕೂಡುವುದು, ಕಳೆಯುವುದು ತಾನೇ ಮಾಡುತ್ತಿದ್ದ ಯಂತ್ರ. ಅದರ ಚಿತ್ರ ಬರೆದು ಶಿಕಾರ್ಡ್ ಕೆಪ್ಲರ್‌ಗೆ ಕಾಗದ ಹಾಕಿದ್ದರು, ಆ ಕಾಗದ ಉಳಿದದ್ದರಿಂದಲೇ ಯಂತ್ರವನ್ನು ಮತ್ತೆ ಮಾಡಲು ಆಯಿತು.

ಯಾವ ತಿಂಗಳು ಚೆನ್ನ?

ಮೇಯಿಂದ ಸೆಪ್ಟೆಂಬರ್. ಡಿಸೆಂಬರ್ ಶುರುವಿನಲ್ಲಿ ಹಳೆಯ ಊರಿನಲ್ಲಿ ಚಾಕೊಲೇಟ್ ಜಾತ್ರೆ ನಡೆಯುತ್ತದೆ. ಜನ ಕಿಕ್ಕಿರಿದಿರುತ್ತಾರೆ, ಆದರೂ ಆ ಚಳಿಯಲ್ಲಿ ಬಿಸಿ ಚಾಕೊಲೇಟ್‌ಗೆ ಒಂದು ಮಜಾ ಇದೆ. ಕ್ರಿಸ್ಮಸ್ ಸಂತೆ ಇಲ್ಲಿ ತಿಂಗಳಿಡೀ ಇರುವುದಿಲ್ಲ, ಒಂದೇ ವಾರಾಂತ್ಯ. ಜನವರಿ, ಫೆಬ್ರವರಿ ಬಿಟ್ಟುಬಿಡಿ.

ಹತ್ತಿರದಲ್ಲಿ ಇನ್ನೇನಿದೆ?

ಬೇಬೆನ್‌ಹೌಸನ್ ಮಠ. ಸಿಟಿ ಬಸ್‌ನಲ್ಲೇ ಹೋಗಬಹುದು, ಕಾಡಿನ ಅಂಚಿನಲ್ಲಿದೆ. 12ನೇ ಶತಮಾನದ ಕೊನೆಗೆ ಶುರುವಾದ ಮಠ. ಆಮೇಲೆ ವ್ಯುರ್ಟೆಂಬರ್ಗ್ ರಾಜರ ಬೇಟೆ ಅರಮನೆಯೂ ಆಯಿತು. 1918ರಲ್ಲಿ ಪಟ್ಟ ಬಿಟ್ಟ ಕೊನೆಯ ರಾಜ ಇಲ್ಲೇ ಬಂದು ನೆಲೆಸಿ 1921ರಲ್ಲಿ ತೀರಿಕೊಂಡ. ನನ್ನನ್ನು ಕೇಳಿದರೆ ಹೋಹೆನ್‌ಝೋಲರ್ನ್ ಕೋಟೆಗಿಂತ ಇದೇ ವಾಸಿ.

ಆದರೆ ಹೆಚ್ಚಿನವರು ಹೋಗುವುದು ಹೋಹೆನ್‌ಝೋಲರ್ನ್‌ಗೆ. ಹೆಷಿಂಗನ್‌ವರೆಗೆ ರೈಲು, ಮುಂದೆ ಬಸ್ಸು ಅಥವಾ ಟ್ಯಾಕ್ಸಿ. ಬೆಟ್ಟದ ತುದಿಯಲ್ಲಿ, ಮಂಜು ಕವಿದ ಬೆಳಗ್ಗೆ ದೂರದಿಂದ ಅದ್ಭುತ. ಹತ್ತಿರ ಹೋದರೆ ಅದು 19ನೇ ಶತಮಾನದಲ್ಲಿ ಕಟ್ಟಿದ ಕೋಟೆ, 1867ರಲ್ಲಿ ಮುಗಿದದ್ದು. ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಿ.

ಭಾನುವಾರ ಅಂಗಡಿ ಇರುತ್ತದಾ?

ಇಲ್ಲ. ಜರ್ಮನಿಯಲ್ಲಿ ಹೆಚ್ಚುಕಮ್ಮಿ ಎಲ್ಲೂ ಇಲ್ಲ. ಹೋಟೆಲ್, ಮ್ಯೂಸಿಯಂ, ಬೆಳಗಿನ ಹೊತ್ತು ಕೆಲವು ಬೇಕರಿ ಮಾತ್ರ. ಹಾಲು, ಮೊಸರು ಶನಿವಾರವೇ ತಂದಿಟ್ಟುಕೊಳ್ಳಿ. ಕೈಯಲ್ಲಿ ಸ್ವಲ್ಪ ನಗದು ಇರಲಿ, ಸಣ್ಣ ಅಂಗಡಿ ಹೋಟೆಲುಗಳಲ್ಲಿ ಕಾರ್ಡ್ ಬೇಡ ಅನ್ನುವುದು ಇನ್ನೂ ಇದೆ.

ವೀಸಾ?

ಷೆಂಗೆನ್ ವೀಸಾ. 180 ದಿನಗಳಲ್ಲಿ 90 ದಿನ ಇರಬಹುದು. 2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯೂರೋ, 6ರಿಂದ 11 ವರ್ಷದ ಮಕ್ಕಳಿಗೆ 45. ಕನಿಷ್ಠ 30 ಸಾವಿರ ಯೂರೋ ಮೊತ್ತದ ಪ್ರವಾಸ ವಿಮೆ ಕಡ್ಡಾಯ. ಹೊರಡುವ 6 ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. ಬೇಸಿಗೆ ರಜೆಗೆ ಹೋಗುವುದಾದರೆ ಬೇಗ ಹಾಕಿ. ಅರ್ಜಿಯ ತೀರ್ಮಾನಕ್ಕೆ ನಿಯಮ ಸಾಮಾನ್ಯವಾಗಿ ಹದಿನೈದು ದಿನ ಅಂದರೂ, ಅರ್ಜಿ ಕೊಡಲು ದಿನಾಂಕ ಸಿಗುವುದೇ ಆಗ ಕಷ್ಟ.